ನದಿ ನೀರಿನ ವರದಿಗೆ ಸಹಿ ಹಾಕುವ ಮುನ್ನ ಹೂಳನ್ನೂ ಪರೀಕ್ಷಿಸಿ

ಇವರಿಗೆ,
ನದಿ ನೀರಿನ ಗುಣಮಟ್ಟ ಕಾಯುವ, ಕಾರ್ಖಾನೆಗಳ ತ್ಯಾಜ್ಯ ನೀರಿಗೆ ಅನುಮತಿ ಕೊಡುವ ಎಲ್ಲ ಅಧಿಕಾರಿಗಳು

ವಿಷಯ: ನದಿಗಳಲ್ಲಿ ಭಾರ ಲೋಹಗಳ ಪರೀಕ್ಷೆ ಮತ್ತು ಅವುಗಳ ಮೂಲ ಪತ್ತೆ ಮಾಡುವ ಬಗ್ಗೆ

ಮಾನ್ಯರೇ,

ನೀರು ಪರೀಕ್ಷೆ ಮಾಡುವ ಲ್ಯಾಬ್ ಒಂದರಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ನದಿಗಳಿಂದ ಬಂದ ಸ್ಯಾಂಪಲ್ ಬಾಟಲಿಗಳನ್ನು ಬಿಚ್ಚಿದ್ದೇನೆ. ಸೀಸ ಎಷ್ಟು, ಕ್ಯಾಡ್ಮಿಯಂ ಎಷ್ಟು, ಕ್ರೋಮಿಯಂ ಎಷ್ಟು ಎಂದು ವರದಿ ತುಂಬಿದ್ದೇನೆ. ಆ ವರದಿಗಳು ಕೊನೆಗೆ ನಿಮ್ಮಂಥವರ ಮೇಜಿಗೆ ಹೋಗುತ್ತವೆ. ಹೆಚ್ಚಿನವುಗಳಲ್ಲಿ ಇರುವುದು ಎರಡೇ ಮಾತು: 'ಮಿತಿಯೊಳಗಿದೆ' ಅಥವಾ 'ಪತ್ತೆಯಾಗಿಲ್ಲ'. ಅದನ್ನು ಓದಿ ಫೈಲ್ ಮುಚ್ಚಲಾಗುತ್ತದೆ. ದಯವಿಟ್ಟು ಆ ಎರಡು ಮಾತನ್ನು ನಂಬಿ ನದಿಯನ್ನು ಕೈಬಿಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ನದಿಗೆ ಬಿದ್ದ ಲೋಹ ನೀರಿನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಜೇಡಿಮಣ್ಣಿನ ಸಣ್ಣ ಕಣ, ಕೊಳೆತ ಎಲೆ-ಕಡ್ಡಿ, ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡ್, ಇವಕ್ಕೆಲ್ಲ ಸೀಸ, ತಾಮ್ರ, ಕ್ರೋಮಿಯಂ ಬೇಗ ಅಂಟಿಕೊಳ್ಳುತ್ತವೆ. ಹರಿವು ಎಲ್ಲಿ ನಿಧಾನವಾಗುತ್ತದೋ ಅಲ್ಲಿ ಆ ಕಣಗಳು ತಳಕ್ಕೆ ಇಳಿಯುತ್ತವೆ. ನದಿಯ ತಿರುವಿನ ಒಳಬದಿ, ಅಣೆಕಟ್ಟಿನ ಹಿಂದೆ, ಸೇತುವೆ ಕಂಬದ ಬುಡ, ಇಂಥ ಕಡೆ ಲೋಹ ಹೂಳಿನ ಜೊತೆ ಕೂತುಬಿಡುತ್ತದೆ. ಹೀಗಾಗಿ ಒಂದೇ ಜಾಗದಲ್ಲಿ, ಮೇಲಿನ ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಸೀಸ ಇದ್ದು, ತಳದ ಒಂದು ಕಿಲೋ ಹೂಳಿನಲ್ಲಿ ನೂರಾರು ಮಿಲಿಗ್ರಾಂ ಇರಬಹುದು. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ನಿಮ್ಮ ಸ್ಯಾಂಪಲ್ ಬಾಟಲಿ ಮುಳುಗುವುದು ಮೇಲಿನ ನೀರಿನಲ್ಲಿ. ವಿಷ ಇರುವುದು ಅದರ ಕೆಳಗೆ.

ಕೊಳಚೆ ನೀರಾದರೆ ಸ್ವಲ್ಪ ದೂರ ಹರಿಯುವಷ್ಟರಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಂದಷ್ಟಾದರೂ ತಿಂದು ಮುಗಿಸುತ್ತವೆ. ಲೋಹಕ್ಕೆ ಆ ದಾರಿ ಇಲ್ಲ. ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಸುಟ್ಟರೂ ಇಲ್ಲವಾಗುವುದಿಲ್ಲ. ನೀರು ಕುದಿಸಿ ಕುಡಿದರೆ ಸಾಕು ಅಂತ ಜನ ನಂಬಿದ್ದಾರೆ. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ. ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಸೀಸದ ಪ್ರಮಾಣ ಮೊದಲಿಗಿಂತ ಜಾಸ್ತಿಯೇ ಆಗಿರುತ್ತದೆ.

ಹೂಳಿನಲ್ಲಿ ಕೂತಿದ್ದರೆ ನಮಗೇನು ತೊಂದರೆ ಎಂದು ಒಬ್ಬ ಹಿರಿಯ ಅಧಿಕಾರಿ ನನ್ನನ್ನು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಕೂತದ್ದು ಅಲ್ಲೇ ಕೂತಿರುವುದಿಲ್ಲ, ಅದೇ ತೊಂದರೆ. ಪ್ರವಾಹ ಬಂದರೆ ತಳ ಕಲಕಿ ಎಲ್ಲ ಮೇಲೆ ಬರುತ್ತದೆ, ಗದ್ದೆ-ತೋಟಗಳ ಮೇಲೆ ಹರಡುತ್ತದೆ. ಗಾಳಿಯಾಡದ ಕೆಸರಿನಲ್ಲಿ ಸಲ್ಫೈಡ್ ಆಗಿ ಅವಿತಿದ್ದ ಲೋಹ, ಹೂಳೆತ್ತಿ ದಡಕ್ಕೆ ಸುರಿದಾಗ ಆಮ್ಲಜನಕ ತಗುಲಿ ಮತ್ತೆ ಕರಗುವ ರೂಪಕ್ಕೆ ಬರುತ್ತದೆ. ಆ ಹೂಳನ್ನೇ ಗೊಬ್ಬರ ಅಂತ ರೈತರು ಗಾಡಿಯಲ್ಲಿ ತುಂಬಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಾದರಸದ ವಿಷಯ ಇನ್ನೂ ಕೆಟ್ಟದ್ದು. ಗಾಳಿ ಇಲ್ಲದ ಕೆಸರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದು ಹುಳು-ಹುಪ್ಪಟೆಗೆ ಸೇರುತ್ತದೆ, ಅಲ್ಲಿಂದ ಸಣ್ಣ ಮೀನಿಗೆ, ದೊಡ್ಡ ಮೀನಿಗೆ. ಒಂದೊಂದು ಮೆಟ್ಟಿಲಿಗೂ ಪ್ರಮಾಣ ಏರುತ್ತದೆ. ದೊಡ್ಡ ಬೇಟೆ ಮೀನಿನ ಮೈಯಲ್ಲಿ ಸುತ್ತಲಿನ ನೀರಿಗಿಂತ ಲಕ್ಷಾಂತರ ಪಟ್ಟು ಜಾಸ್ತಿ ಇರಬಹುದು. ಅದಕ್ಕೇ ಯುರೋಪಿಯನ್ ಒಕ್ಕೂಟದಲ್ಲಿ ಪಾದರಸದ ಮಿತಿಯನ್ನು ಮೀನಿನ ಮಾಂಸಕ್ಕೂ ಹಾಕಿದ್ದಾರೆ, ಕಿಲೋಗೆ 20 ಮೈಕ್ರೋಗ್ರಾಂ. ನೀರು ನೋಡಿದರಷ್ಟೇ ಸಾಲದು ಅಂತ ಅವರಿಗೆ ಅರ್ಥವಾಗಿದೆ.

ಇನ್ನು, ನೀವು ತರಿಸುವ ನೀರಿನ ಸ್ಯಾಂಪಲ್ ಕೂಡ ಸರಿಯಾಗಿ ಬರುತ್ತಿಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಲೋಹದ ಪರೀಕ್ಷೆಗೆ ಹಿಡಿದ ನೀರಿಗೆ ಕೂಡಲೇ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ (ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ ಎಂದು ತೋರಿಸುವ ಅಳತೆ) 2ಕ್ಕಿಂತ ಕೆಳಗೆ ಇಳಿಸಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಹತ್ತಿಕೊಳ್ಳುತ್ತದೆ. ಕರಗಿರುವ ಲೋಹ ಎಷ್ಟು ಅಂತ ಬೇರೆಯಾಗಿ ತಿಳಿಯಬೇಕಾದರೆ ಆಮ್ಲ ಹಾಕುವ ಮೊದಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಪಾದರಸಕ್ಕೆ ಬೇರೆ ಬಾಟಲಿ, ಬೇರೆ ವಿಧಾನ. ಇದೆಲ್ಲ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಕಲಿಸುವ ಮೊದಲ ಪಾಠ. ಆದರೆ ನನ್ನ ಕೈಗೆ ಬಂದ ಎಷ್ಟೋ ಬಾಟಲಿಗಳು ಆಮ್ಲ ಕಂಡೇ ಇರಲಿಲ್ಲ. ಒಂದು ಬಾಟಲಿ ಚೆನ್ನಾಗಿ ನೆನಪಿದೆ. ವಾಹನದಲ್ಲಿ ಬಿಸಿಲಿಗೆ ಅಲೆದು, ಬಹಳ ತಡವಾಗಿ ಲ್ಯಾಬಿಗೆ ಬಂದಿತ್ತು. ಒಳಗೋಡೆಯ ಮೇಲೆ, ನೀರು ನಿಂತ ಮಟ್ಟದವರೆಗೂ, ಕಂದು ಬಣ್ಣದ ತೆಳು ಪದರ ಕೂತಿತ್ತು. ನೀರನ್ನು ಯಂತ್ರಕ್ಕೆ ಕೊಟ್ಟರೆ ಸೀಸ ಇಲ್ಲ ಅನ್ನುವಷ್ಟು ಕಡಿಮೆ. ಬಾಟಲಿ ಖಾಲಿ ಮಾಡಿ, ಆಮ್ಲ ಹಾಕಿ ಗೋಡೆ ತೊಳೆದು ಆ ದ್ರವವನ್ನು ಕೊಟ್ಟಾಗ ಸೀಸ ಎದ್ದು ಕಂಡಿತು. ಮೇಲಿನವರಿಗೆ ತಿಳಿಸಿ, ಸ್ಯಾಂಪಲ್ ಮತ್ತೆ ತರಿಸಿ ಎಂದೆ. ಮತ್ತೆ ಬರಲಿಲ್ಲ. ವರದಿಯಲ್ಲಿ ಹೋದದ್ದು ಮೊದಲ ಅಂಕಿಯೇ.

ಸ್ಯಾಂಪಲ್ ತೆಗೆಯುವ ಹೊತ್ತೂ ಮುಖ್ಯ. ಕೆಲಸದ ದಿನ, ಹಗಲು ಹೊತ್ತು, ಎಷ್ಟೋ ಸಲ ಮೊದಲೇ ಹೇಳಿಕಳಿಸಿ ತೆಗೆದ ಸ್ಯಾಂಪಲ್‌ಗಳೇ ಲ್ಯಾಬಿಗೆ ಬರುತ್ತಿದ್ದವು. ತ್ಯಾಜ್ಯ ನೀರನ್ನು ಕದ್ದು ಬಿಡುವವರು ಬಿಡುವುದು ರಾತ್ರಿ, ರಜೆ ದಿನ, ಜೋರು ಮಳೆ ಬಂದಾಗ. ನದಿ ಪಕ್ಕದಲ್ಲಿ ಇರುವವರಿಗೆ ಇದು ಗೊತ್ತು. ನಿಮಗೂ ಗೊತ್ತು ಅಲ್ವಾ? ಒಮ್ಮೆ ಒಂದು ಊರಿನ ಜನ ಮುಂಜಾನೆ ಮೋರಿಯಿಂದ ಹಿಡಿದ ಹಳದಿ-ಹಸಿರು ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಲ್ಯಾಬಿಗೇ ಹೊತ್ತು ತಂದಿದ್ದರು. ಅಧಿಕೃತ ಸ್ಯಾಂಪಲ್ ಅಲ್ಲ ಅಂತ ಅದನ್ನು ತೆಗೆದುಕೊಳ್ಳಲಿಲ್ಲ. ಅಧಿಕೃತ ಸ್ಯಾಂಪಲ್ ಆಮೇಲೆ ಬಂತು, ಆಗ ನೀರು ತಿಳಿಯಾಗಿತ್ತು. ಅವತ್ತು ಆ ಜನರ ಮುಖದಲ್ಲಿ ಕಂಡ ಸೋಲು ನನಗೆ ಇವತ್ತಿಗೂ ಸಂಕಟ ತರುತ್ತದೆ. ಅವರು ಸುಳ್ಳು ಹೇಳಿರಲಿಲ್ಲ.

ಹೂಳು ಪರೀಕ್ಷೆ ಮಾಡಿಸಿ ಅಂತ ನಾನು ಇಷ್ಟು ಒತ್ತಾಯ ಮಾಡುವುದಕ್ಕೆ ಇದೂ ಒಂದು ಕಾರಣ. ನೀರು ಆ ಕ್ಷಣದ ಮಾತು ಮಾತ್ರ ಹೇಳುತ್ತದೆ. ರಾತ್ರಿ ಬಿಟ್ಟದ್ದು ಬೆಳಗಾಗುವಷ್ಟರಲ್ಲಿ ಹರಿದು ಹೋಗಿರುತ್ತದೆ. ಆದರೆ ಅದು ಹೋಗುವಾಗ ದಾರಿಯ ಹೂಳಿನಲ್ಲಿ ಲೋಹ ಬಿಟ್ಟು ಹೋಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಟ್ಟದ್ದರ ಲೆಕ್ಕ ಅಲ್ಲಿ ಉಳಿದಿರುತ್ತದೆ. ಯಾವ ಹೊತ್ತಿನಲ್ಲಿ ಹೋಗಿ ತೆಗೆದರೂ ಸಿಗುತ್ತದೆ.

'ಪತ್ತೆಯಾಗಿಲ್ಲ' ಅನ್ನುವುದರ ಬಗ್ಗೆಯೂ ಒಂದು ಮಾತು. ಪ್ರತಿ ಯಂತ್ರಕ್ಕೂ ಇಷ್ಟಕ್ಕಿಂತ ಕಡಿಮೆ ಇದ್ದರೆ ನನಗೆ ಕಾಣುವುದಿಲ್ಲ ಅನ್ನುವ ಒಂದು ಗೆರೆ ಇರುತ್ತದೆ. ಕುಡಿಯುವ ನೀರಿನಲ್ಲಿ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಟ್ಟ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂಗೆ 3. ಸೀಸ ಅಳೆಯುವ ಯಂತ್ರದ ಗೆರೆ 50 ಮೈಕ್ರೋಗ್ರಾಂನಲ್ಲಿದ್ದರೆ, 40 ಇದ್ದ ನೀರಿಗೂ ಅದು 'ಪತ್ತೆಯಾಗಿಲ್ಲ' ಎಂದೇ ಬರೆಯುತ್ತದೆ. ಅಂದರೆ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಸೀಸ ಇರುವ ನೀರು ಸ್ವಚ್ಛ ಅಂತ ಆಗಿಬಿಡುತ್ತದೆ. ತೀರಾ ಕಡಿಮೆ ಪ್ರಮಾಣವನ್ನೂ ಹಿಡಿಯುವ ಐಸಿಪಿ-ಎಂಎಸ್ ಯಂತ್ರ ಅಥವಾ ಗ್ರಾಫೈಟ್ ಕುಲುಮೆ ಇರುವ ಯಂತ್ರ ಬಳಸಿದರೆ ಈ ಸಮಸ್ಯೆ ಇಲ್ಲ. ಯಾವ ಯಂತ್ರ ಬಳಸಿದರು, ಅದರ ಗೆರೆ ಎಲ್ಲಿದೆ ಅನ್ನುವುದನ್ನು ವರದಿಯಲ್ಲಿ ಬರೆಯಲೇಬೇಕು. ಬರೆಯದೆ ಇರುವ ವರದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಾನ್ಯರೇ, ಲೋಹ ಎಲ್ಲಿಂದ ಬರುತ್ತದೆ ಅನ್ನುವುದು ಗುಟ್ಟಲ್ಲ. ಹುಡುಕಿದರೆ ಸಿಗುತ್ತದೆ.

ಮೊದಲು ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು. ನಲ್ಲಿ, ಬೋಲ್ಟು, ಗಾಡಿಯ ಬಿಡಿಭಾಗ, ಇವಕ್ಕೆ ಲೋಹದ ತೆಳು ಲೇಪ ಹಾಕಿ ಹೊಳಪು ಕೊಡುವ ಕೆಲಸ. ತೊಟ್ಟಿಯಲ್ಲಿ ಅದ್ದಿ ತೆಗೆದ ಸಾಮಾನನ್ನು ನೀರಿನಲ್ಲಿ ಜಾಲಿಸುತ್ತಾರೆ. ಆ ಜಾಲಿಸಿದ ನೀರಿನಲ್ಲಿ ನಿಕ್ಕಲ್, ಸತು, ಕ್ರೋಮಿಯಂ ಇರುತ್ತವೆ. ಇದರಲ್ಲಿ ಹೆಚ್ಚು ಭಯಪಡಬೇಕಾದ್ದು ಆರು ವೇಲೆನ್ಸಿಯ ಕ್ರೋಮಿಯಂಗೆ. ಕ್ಯಾನ್ಸರ್ ತರುವ ರೂಪ ಅದು. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹಳದಿ ಬಣ್ಣ ಕೊಡುತ್ತದೆ. ಸುಮ್ನೆ ಸುಣ್ಣ ಸುರಿದರೆ ಅದು ತಳಕ್ಕೆ ಕೂರುವುದಿಲ್ಲ. ಮೊದಲು ಪಿಎಚ್ 2ರಿಂದ 3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್‌ನಂಥದ್ದು ಹಾಕಿ ಮೂರು ವೇಲೆನ್ಸಿಗೆ ತರಬೇಕು. ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಕೂರುತ್ತದೆ. ಅದರಲ್ಲೂ ಕ್ರೋಮಿಯಂ 8ರ ಸುಮಾರಿನಲ್ಲಿ ಕೂತರೆ ನಿಕ್ಕಲ್‌ಗೆ 10ರ ಹತ್ತಿರ ಬೇಕು. ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದು ಒಂದು ಚೀಲ ಸುಣ್ಣ ಹಾಕಿದರೆ 'ಶುದ್ಧೀಕರಣ ಘಟಕ ಇದೆ' ಎಂದು ಹೇಳಿಕೊಳ್ಳಬಹುದು, ಶುದ್ಧೀಕರಣ ಆಗಿರುವುದಿಲ್ಲ. ತಪಾಸಣೆಗೆ ಹೋದವರು ತೊಟ್ಟಿ ಇದೆಯಾ ಅಂತ ನೋಡಿ ಬರುತ್ತಾರೆ. ಮೆಟಾಬೈಸಲ್ಫೈಟ್ ಖರೀದಿಯ ಬಿಲ್ ಕೇಳಿದವರನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ವಿಷಯ ಸೇರಿಸಲೇಬೇಕು. ಈ ಘಟಕಗಳಲ್ಲಿ ಹೆಚ್ಚಿನವು ಚಿಕ್ಕವು. ಒಂದು ಶೆಡ್, ನಾಲ್ಕೈದು ಜನ. ಇಷ್ಟೆಲ್ಲ ರಸಾಯನಶಾಸ್ತ್ರ ಒಬ್ಬೊಬ್ಬರೇ ಮಾಡಲು ಅವರಿಂದ ಆಗುವುದಿಲ್ಲ. ಕೈಗವಸು ಇಲ್ಲದೆ ಕ್ರೋಮಿಯಂ ತೊಟ್ಟಿಗೆ ಕೈ ಹಾಕುವ ಕೆಲಸಗಾರರ ಚರ್ಮದಲ್ಲಿ ತೂತು ಬಿದ್ದಂಥ ಹುಣ್ಣು ಆಗುತ್ತದೆ, ಮೂಗಿನ ನಡುಗೋಡೆಯೇ ತೂತಾಗುವುದುಂಟು. ನದಿಗೆ ಹೋಗುವ ವಿಷ ಮೊದಲು ತಟ್ಟುವುದು ಇವರನ್ನು. ಬಾಗಿಲಿಗೆ ಬೀಗ ಹಾಕಿಸಿದರೆ ಕೆಲಸ ಇನ್ನೊಂದು ಗಲ್ಲಿಗೆ ಹೋಗುತ್ತದೆ, ಲೋಹ ಇನ್ನೊಂದು ಮೋರಿಗೆ ಹೋಗುತ್ತದೆ. ಅವರಿಗೆಲ್ಲ ಸೇರಿ ಒಂದು ಸರಿಯಾದ ಸಾಮೂಹಿಕ ಘಟಕ ಕಟ್ಟಿಸಿಕೊಡುವುದು ನಿಮ್ಮ ಕೆಲಸ.

ಚರ್ಮ ಹದ ಮಾಡುವ ಕಾರ್ಖಾನೆಗಳದ್ದೂ ಕ್ರೋಮಿಯಂ ಕಥೆಯೇ. ಹಳೆಯ ವಿಧಾನದಲ್ಲಿ ಹಾಕಿದ ಕ್ರೋಮಿಯಂ ಲವಣದಲ್ಲಿ ಸುಮಾರು ಮೂರನೇ ಒಂದು ಭಾಗ ಚರ್ಮಕ್ಕೆ ಹಿಡಿಯದೆ ನೀರಿಗೆ ಹೋಗುತ್ತದೆ. ಗಂಗಾ ದಡದ ಕಾನ್ಪುರದಲ್ಲಿ ಇದು ದಶಕಗಳ ತಲೆನೋವು. ಢಾಕಾದಲ್ಲಿ ಬುರಿಗಂಗಾ ನದಿ ಹಾಳಾಯಿತೆಂದು 2017ರಲ್ಲಿ ಹಜಾರಿಬಾಗ್‌ನ ಚರ್ಮದ ಕಾರ್ಖಾನೆಗಳನ್ನು ಸಾವರ್‌ಗೆ ಸಾಗಿಸಿದರು. ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕ ಆ ಹೊರೆ ತಡೆಯಲಿಲ್ಲ. ಈಗ ಪಕ್ಕದ ಧಲೇಶ್ವರಿ ನದಿ ಅನುಭವಿಸುತ್ತಿದೆ.

ಗಣಿಗಳ ವಿಷಯ. ಗಂಧಕ ಸೇರಿದ ಅದಿರನ್ನು ಅಗೆದು ಹೊರಗೆ ಹಾಕಿದಾಗ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಬಂಡೆಯಲ್ಲಿರುವ ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಎಲ್ಲವನ್ನೂ ಕರಗಿಸಿಕೊಂಡು ಹರಿಯುತ್ತದೆ. ಗಣಿ ಮುಚ್ಚಿದರೂ ಇದು ನಿಲ್ಲುವುದಿಲ್ಲ. 2015ರ ಆಗಸ್ಟ್ 5ರಂದು ಅಮೆರಿಕದ ಕೊಲರಾಡೋದಲ್ಲಿ, ಬಹಳ ಹಿಂದೆಯೇ ಕೈಬಿಟ್ಟ ಗೋಲ್ಡ್ ಕಿಂಗ್ ಗಣಿಯಿಂದ ಒಂದು ಕೋಟಿ ಲೀಟರಿಗೂ ಜಾಸ್ತಿ ಆಮ್ಲನೀರು ನುಗ್ಗಿ ಅನಿಮಾಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಗಣಿಯ ಬಾಯಿ ಪರಿಶೀಲಿಸುತ್ತಿದ್ದವರು ಪರಿಸರ ಇಲಾಖೆಯ ಕಡೆಯವರೇ. ಅದಿರು ತೊಳೆದ ಕೆಸರು ತುಂಬಿಡುವ ಕಟ್ಟೆಗಳು ಒಡೆದರಂತೂ ಹೇಳುವುದೇ ಬೇಡ. 1998ರಲ್ಲಿ ಸ್ಪೇನ್‌ನ ಅಸ್ನಾಲ್ಕೊಯಾರ್‌ನಲ್ಲಿ ಒಡೆಯಿತು, 2015ರಲ್ಲಿ ಬ್ರೆಜಿಲ್‌ನ ಮರಿಯಾನಾದಲ್ಲಿ ಒಡೆಯಿತು. ಮರಿಯಾನಾದಲ್ಲಿ 19 ಜನ ಸತ್ತರು, ಕೆಸರು ರಿಯೊ ಡೋಸಿ ನದಿಯ ಉದ್ದಕ್ಕೂ ಹರಿದು ಸಮುದ್ರ ಮುಟ್ಟಿತು.

ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಕಡೆ ಆಮ್ಲವನ್ನು ನೆಲಕ್ಕೇ ಚೆಲ್ಲುತ್ತಾರೆ. ಅದರ ಜೊತೆ ಸೀಸವೂ ಹೋಗುತ್ತದೆ. ಕೆಟ್ಟ ಕಂಪ್ಯೂಟರ್, ಮೊಬೈಲುಗಳ ಬೋರ್ಡನ್ನು ಆಮ್ಲದಲ್ಲಿ ನೆನೆಸಿ ಚಿನ್ನ, ತಾಮ್ರ ತೆಗೆದು ಉಳಿದದ್ದನ್ನು ಮೋರಿಗೆ ಬಿಡುತ್ತಾರೆ. ಕಲ್ಲಿದ್ದಲು ಸುಟ್ಟ ಹಾರುಬೂದಿಯಲ್ಲಿ ಆರ್ಸೆನಿಕ್, ಪಾದರಸ, ಸೆಲೆನಿಯಂ ಇರುತ್ತವೆ. ಚಿನ್ನದ ಅದಿರಿಗೆ ಪಾದರಸ ಬೆರೆಸಿ ಚಿನ್ನ ಹಿಡಿಯುವ ಸಣ್ಣ ಗಣಿಗಾರಿಕೆ, ಮನುಷ್ಯರಿಂದಾಗಿ ಗಾಳಿಗೆ ಸೇರುವ ಪಾದರಸಕ್ಕೆ ಇಡೀ ಜಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೂಲ. ಅಮೆಜಾನ್ ಪ್ರದೇಶದ ನದಿಗಳಿಗೂ ಅದು ನೇರವಾಗಿ ಸೇರುತ್ತಿದೆ. ಫಾಸ್ಫೇಟ್ ಗೊಬ್ಬರದಲ್ಲಿ ಕ್ಯಾಡ್ಮಿಯಂ ಇರುತ್ತದೆ. ರಸ್ತೆಯನ್ನೂ ಮರೆಯಬಾರದು. ಟೈರು ಸವೆದ ಪುಡಿಯಲ್ಲಿ ಸತು, ಬ್ರೇಕ್ ಪ್ಯಾಡಿನ ಪುಡಿಯಲ್ಲಿ ತಾಮ್ರ, ಮೊದಲ ಮಳೆಗೆ ಎಲ್ಲ ತೊಳೆದು ನದಿಗೆ. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲೇ ಕಾನೂನು ಮಾಡಿ, 2025ರ ಹೊತ್ತಿಗೆ ಬ್ರೇಕ್ ಪ್ಯಾಡಿನಲ್ಲಿ ತಾಮ್ರ ಶೇಕಡ 0.5ಕ್ಕಿಂತ ಕಡಿಮೆ ಇರಬೇಕು ಅಂದರು.

ಕೆಲವು ಕಡೆ ಬಂಡೆಯಿಂದಲೇ ಲೋಹ ಬರುತ್ತದೆ, ನಿಜ. ಆದರೆ ಪ್ರತಿ ಸಲವೂ 'ಅದು ಸ್ವಾಭಾವಿಕ' ಎಂದು ಹೇಳಿ ಜಾರಿಕೊಳ್ಳುವುದು ಸರಿಯಲ್ಲ. ಮೋರಿ ಸೇರುವ ಜಾಗದ ಮೇಲ್ಗಡೆ ಒಂದು ಮುಷ್ಟಿ ಹೂಳು, ಕೆಳಗಡೆ ಒಂದು ಮುಷ್ಟಿ ಹೂಳು ತೆಗೆದು ಹೋಲಿಸಿದರೆ ಬಂಡೆಯದ್ದು ಎಷ್ಟು, ಮೋರಿಯದ್ದು ಎಷ್ಟು ಎಂದು ಗೊತ್ತಾಗಿಬಿಡುತ್ತದೆ. ಯಾರದ್ದು ಎಂಬುದರ ಸುಳಿವೂ ಸಿಗುತ್ತದೆ. ನಿಕ್ಕಲ್ ಮತ್ತು ಕ್ರೋಮಿಯಂ ಜೊತೆಯಾಗಿ ಏರಿದ್ದರೆ ಪ್ಲೇಟಿಂಗ್ ಕಡೆ ನೋಡಬೇಕು. ಕ್ರೋಮಿಯಂ ಒಂದೇ ಏರಿ, ನೀರಿನಲ್ಲಿ ಉಪ್ಪೂ ಜಾಸ್ತಿ ಇದ್ದರೆ ಚರ್ಮದ ಕಡೆ. ಸೀಸದ ಜೊತೆ ಆಂಟಿಮನಿ ಇದ್ದರೆ ಬ್ಯಾಟರಿ ಇರಬಹುದು. ಸತು, ಸೀಸ, ಕ್ಯಾಡ್ಮಿಯಂ ಮೂರೂ ಒಟ್ಟಿಗೆ ಇದ್ದರೆ ಸತುವಿನ ಅದಿರು. ಇಷ್ಟರಿಂದಲೇ ತಪ್ಪಿತಸ್ಥರು ಇವರೇ ಎಂದು ತೀರ್ಮಾನ ಮಾಡಲಾಗದು. ಆದರೆ ಯಾವ ಮೋರಿ ಹಿಡಿದು ಮೇಲಕ್ಕೆ ನಡೆಯಬೇಕು ಅಂತ ತಿಳಿಯುತ್ತದೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆ ನಮ್ಮ ಮುಂದಿದೆ. ಮಿನಾಮಟಾದಲ್ಲಿ ಪಾದರಸದ ಕಾಯಿಲೆ ಅಧಿಕೃತವಾಗಿ ಗೊತ್ತಾದದ್ದು 1956ರಲ್ಲಿ. 1958ರಲ್ಲಿ, ಅದಕ್ಕೆ ಕಾರಣವಾದ ರಾಸಾಯನಿಕ ಕಾರ್ಖಾನೆ ತನ್ನ ತ್ಯಾಜ್ಯ ನೀರನ್ನು ಕೊಲ್ಲಿಯ ಬದಲು ಮಿನಾಮಟಾ ನದಿಯ ಬಾಯಿಗೆ ಬಿಡಲು ಶುರು ಮಾಡಿತು. ಕಾಯಿಲೆ ಹೊಸ ಊರುಗಳಿಗೆ ಹರಡಿತು. 1959ರ ಕೊನೆಯಲ್ಲಿ ಒಂದು ಶುದ್ಧೀಕರಣ ಯಂತ್ರ ಹಾಕಿದರು. ಜನ ನಂಬಿದರು. ಆದರೆ ನೀರಿನಲ್ಲಿ ಕರಗಿದ ಮೀಥೈಲ್ ಪಾದರಸ ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. 1965ರಲ್ಲಿ ಅದೇ ಕಾಯಿಲೆ ನೀಗಾಟಾದ ಅಗಾನೊ ನದಿಯ ದಡದಲ್ಲಿ, ನದಿ ಮೀನು ತಿಂದವರಲ್ಲಿ ಕಾಣಿಸಿಕೊಂಡಿತು. ಮಿನಾಮಟಾದಲ್ಲಿ ಪಾದರಸ ಹೊರಬರುತ್ತಿದ್ದ ತಯಾರಿಕೆ ನಿಂತದ್ದು 1968ರ ಮೇನಲ್ಲಿ. ಕಾರಣ ಇದೇ ಎಂದು ಸರ್ಕಾರ ಒಪ್ಪಿಕೊಂಡದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಹನ್ನೆರಡು ವರ್ಷ! ಅಷ್ಟರಲ್ಲಿ ತಾಯಿಯ ಹೊಟ್ಟೆಯಲ್ಲೇ ವಿಷ ತಗುಲಿದ ಮಕ್ಕಳು ಹುಟ್ಟಿದ್ದರು. ಆಮೇಲೆ ಕೊಲ್ಲಿಯ ತಳದಲ್ಲಿ 25 ಪಿಪಿಎಂಗಿಂತ (ಕಿಲೋಗೆ 25 ಮಿಲಿಗ್ರಾಂ) ಜಾಸ್ತಿ ಪಾದರಸ ಇದ್ದ ಹೂಳನ್ನೆಲ್ಲ ಎತ್ತಿ, ಕೊಲ್ಲಿಯ ಒಂದು ಭಾಗಕ್ಕೆ ತುಂಬಿ, ಮುಚ್ಚಿ, 58 ಹೆಕ್ಟೇರ್ ಹೊಸ ನೆಲ ಮಾಡಿದರು. 1977ರಲ್ಲಿ ಶುರುವಾದ ಆ ಕೆಲಸ ಮುಗಿದದ್ದು 1990ರಲ್ಲಿ. ಕೊನೆಗೆ ಅವರೂ ಹೂಳಿಗೇ ಬರಬೇಕಾಯಿತು.

ಅದೇ ದೇಶದ ಜಿಂಜು ನದಿಯ ಕಥೆ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಕಾಮಿಯೋಕಾ ಸತುವಿನ ಗಣಿಯಿಂದ ಕ್ಯಾಡ್ಮಿಯಂ ನದಿಗೆ ಬಂತು, ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ. ಮಕ್ಕಳನ್ನು ಹೆತ್ತ ನಡುವಯಸ್ಸಿನ ಹೆಂಗಸರ ಮೂಳೆಗಳು ಸಣ್ಣ ಅಲುಗಾಟಕ್ಕೂ ಮುರಿಯುತ್ತಿದ್ದವು. ಕ್ಯಾಡ್ಮಿಯಂ ಮೂತ್ರಪಿಂಡ ಸೇರಿದರೆ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. 1968ರಲ್ಲಿ ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ಕಾಯಿಲೆ ಎಂದು ಒಪ್ಪಿತು. ಗಣಿ ಕಂಪನಿಯ ಮೇಲೆ ಹಾಕಿದ್ದ ಮೊಕದ್ದಮೆಯನ್ನು 1972ರಲ್ಲಿ ಜನ ಮೇಲ್ಮನವಿಯಲ್ಲೂ ಗೆದ್ದರು. ಗೆದ್ದ ಮೇಲೆ ಅವರು ಪರಿಹಾರದ ಜೊತೆಗೆ ಇನ್ನೊಂದನ್ನೂ ಪಡೆದುಕೊಂಡರು. ತಮಗೆ ಬೇಕಾದ ತಜ್ಞರನ್ನು ಕರೆದುಕೊಂಡು ಗಣಿಯ ಒಳಗೆ ಹೋಗಿ ತಪಾಸಣೆ ಮಾಡುವ ಹಕ್ಕು. ಖರ್ಚು ಕಂಪನಿಯದ್ದು. ಆಮೇಲೆ ವರ್ಷ ವರ್ಷವೂ ಹೋಗಿ ನೋಡುತ್ತಾ ಬಂದರು. ನದಿಯ ಕ್ಯಾಡ್ಮಿಯಂ ಬಹಳ ಕೆಳಗಿಳಿಯಿತು. ಗದ್ದೆಗಳ ಮಣ್ಣು ಬದಲಿಸುವ ಕೆಲಸ ಮಾತ್ರ 2012ರವರೆಗೂ ನಡೆಯಿತು.

ಹಾಗಾಗಿ ನನ್ನ ಕೋರಿಕೆಗಳು ಇವು.

ನೀರು ತೆಗೆಯುವ ಪ್ರತಿ ಜಾಗದಲ್ಲೂ ಹೂಳನ್ನೂ ತೆಗೆಯಿಸಿ. ಮಳೆಗಾಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ಆದರೂ ಆಗಬೇಕು. ಲೋಹ ಸಣ್ಣ ಕಣಗಳಲ್ಲೇ ಜಾಸ್ತಿ ಇರುವುದರಿಂದ 63 ಮೈಕ್ರಾನ್‌ಗಿಂತ ಸಣ್ಣ ಭಾಗವನ್ನು ಜರಡಿ ಹಿಡಿದು ಅಳೆಯಿಸಿ. ಬರೀ ಮರಳು ತಂದು ಅಳೆದರೆ ಏನೂ ಸಿಗುವುದಿಲ್ಲ. ಯುರೋಪಿನ ರೈನ್ ನದಿಯಲ್ಲಿ ನೀರಿನ ಜೊತೆ ತೇಲುವ ಕಣಗಳಲ್ಲೂ ಲೋಹ ಅಳೆಯುತ್ತಾರೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಿದ ನೀರಿನ ಜೊತೆ ಪಾದರಸ ಇದ್ದ ಕೀಟನಾಶಕಗಳೂ ರೈನ್ ಸೇರಿದ್ದವು. ಮರುವರ್ಷವೇ ದಡದ ದೇಶಗಳೆಲ್ಲ ಸೇರಿ ಒಂದು ಕಾರ್ಯಕ್ರಮ ಒಪ್ಪಿಕೊಂಡವು. ಮೇಲಿನ ದೇಶದಲ್ಲಿ ವಿಷ ಬಿದ್ದರೆ ಕೆಳಗಿನ ದೇಶಕ್ಕೆ ಎಚ್ಚರಿಕೆ ಹೋಗುತ್ತದೆ. ಆ ನದಿಗೆ ಸಾಲ್ಮನ್ ಮೀನು ಮತ್ತೆ ಬಂದಿದೆ. ಅಷ್ಟು ದೇಶಗಳಿಗೆ ಆದದ್ದು ಒಂದು ಇಲಾಖೆಗೆ ಆಗುವುದಿಲ್ಲವೇ?

ಹೂಳೆತ್ತುವ ಟೆಂಡರ್ ಕರೆಯುವ ಮೊದಲು ಹೂಳಿನ ಲೋಹದ ವರದಿ ಕಡ್ಡಾಯ ಮಾಡಿ. ವರದಿ ಇಲ್ಲದೆ ಒಂದು ಬುಟ್ಟಿ ಹೂಳೂ ಹೊಲಕ್ಕೆ ಹೋಗಬಾರದು. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಡಿ. ಟೆಂಡರಿನ ಷರತ್ತಿನಲ್ಲೇ ಒಂದು ಸಾಲು ಸೇರಿಸಬಹುದು.

ಕಾರ್ಖಾನೆಗಳಿಂದ ಲೋಹದ ಲೆಕ್ಕ ಕೇಳಿ. ಎಷ್ಟು ಕಿಲೋ ಕ್ರೋಮಿಯಂ ಲವಣ ತಂದರು, ಎಷ್ಟು ಸರಕಿನ ಮೇಲೆ ಹೋಯಿತು, ಎಷ್ಟು ಶುದ್ಧೀಕರಣದ ಕೆಸರಿನಲ್ಲಿ ಸಿಕ್ಕಿತು, ಆ ಕೆಸರು ಎಲ್ಲಿಗೆ ಹೋಯಿತು. ತಂದದ್ದಕ್ಕೂ ಲೆಕ್ಕ ಸಿಕ್ಕಿದ್ದಕ್ಕೂ ಹೊಂದದಿದ್ದರೆ ಉಳಿದದ್ದು ನದಿಯಲ್ಲಿದೆ ಎಂದೇ ಅರ್ಥ. ಶುದ್ಧೀಕರಣ ಮಾಡಿ ತೆಗೆದ ಕೆಸರನ್ನು ರಾತ್ರಿ ಲಾರಿಯಲ್ಲಿ ತಂದು ನದಿ ದಡದಲ್ಲೇ ಸುರಿದರೆ ಅಷ್ಟೂ ಕೆಲಸ ವ್ಯರ್ಥ ಅಲ್ವಾ?

ಸ್ಯಾಂಪಲ್ ತೆಗೆಯುವವರಿಗೆ ಆಮ್ಲ, ಫಿಲ್ಟರ್, ಸರಿಯಾದ ಬಾಟಲಿ, ತರಬೇತಿ ಕೊಡಿ. ಅವರಲ್ಲಿ ಹೆಚ್ಚಿನವರು ಗುತ್ತಿಗೆ ಮೇಲೆ, ಕಡಿಮೆ ಸಂಬಳಕ್ಕೆ ದುಡಿಯುವ ಹುಡುಗರು. ತಪ್ಪು ಅವರದ್ದಲ್ಲ. ಹೇಳದೆ ಕೇಳದೆ, ರಾತ್ರಿ ಮತ್ತು ರಜೆ ದಿನಗಳಲ್ಲೂ ಸ್ಯಾಂಪಲ್ ತೆಗೆಯುವ ವ್ಯವಸ್ಥೆ ಆಗಲಿ. ಜನ ತಂದ ಬಾಟಲಿಯನ್ನು ಕೋರ್ಟಿಗೆ ಸಾಕ್ಷಿಯಾಗಿ ಬಳಸಲು ಆಗದಿರಬಹುದು. ಆದರೆ ಅದನ್ನು ಪರೀಕ್ಷೆ ಮಾಡಿ, ಏನಾದರೂ ಕಂಡರೆ ಕೂಡಲೇ ನಿಮ್ಮವರನ್ನು ಆ ಜಾಗಕ್ಕೆ ಕಳಿಸಲು ಯಾವ ಅಡ್ಡಿಯೂ ಇಲ್ಲ.

ವರದಿಗಳನ್ನು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಿ. ಜಾಗ, ದಿನ, ಹೊತ್ತು, ಯಂತ್ರ, ಯಂತ್ರದ ಗೆರೆ ಎಲ್ಲವೂ ಅದರಲ್ಲಿ ಇರಲಿ. ಸೀಸಕ್ಕೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಹೋಗುವುದಿಲ್ಲ. ಮಕ್ಕಳಿರುವ ಮನೆಯವರಿಗೆ ತಮ್ಮ ನದಿಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿದೆ.

ಕೊನೆಯದಾಗಿ, ಜಿಂಜು ನದಿಯ ಜನರಿಗೆ ಸಿಕ್ಕ ಹಕ್ಕನ್ನು ಎಲ್ಲ ನದಿಗಳ ಜನರಿಗೂ ಕೊಡಿ. ಕಾರ್ಖಾನೆಗೆ ಅನುಮತಿ ಕೊಡುವಾಗಲೇ, ಕೆಳಭಾಗದ ಊರುಗಳ ಪ್ರತಿನಿಧಿಗಳು ತಜ್ಞರ ಜೊತೆ ಒಳಗೆ ಬಂದು ನೋಡಬಹುದು ಎಂಬ ಷರತ್ತು ಸೇರಲಿ. ಜಪಾನಿನ ಜನ ಅದನ್ನು ಪಡೆಯಲು ಕಾಯಿಲೆ ಬಿದ್ದು, ಕೋರ್ಟಿಗೆ ಅಲೆದು, ಗೆಲ್ಲಬೇಕಾಯಿತು. ಅಷ್ಟೆಲ್ಲ ಆಗುವ ಮೊದಲೇ ಕೊಡಲು ನಿಮ್ಮಿಂದ ಸಾಧ್ಯ.

ಇದೆಲ್ಲವೂ ಒಂದೇ ಸಲಕ್ಕೆ ಆಗುವುದಿಲ್ಲ ಅಂತ ನನಗೆ ಗೊತ್ತು. ಹಣ ಬೇಕು, ಜನ ಬೇಕು. ಆದ್ದರಿಂದ ಮೊದಲು ಇಷ್ಟು ಮಾಡಿ: ಮುಂದಿನ ತಿಂಗಳ ಸ್ಯಾಂಪಲ್ ಪಟ್ಟಿಯಲ್ಲಿ, ಅತಿ ಹೆಚ್ಚು ದೂರು ಬಂದಿರುವ ಒಂದು ಮೋರಿಯನ್ನು ಆರಿಸಿಕೊಂಡು, ಅದು ನದಿ ಸೇರುವ ಜಾಗದ ಮೇಲೆ ಮತ್ತು ಕೆಳಗೆ ಹೂಳು ತೆಗೆಯಿಸಿ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪ್ರಕಟಿಸಿ. ಹೂಳು ತೆಗೆಯುವುದು, ಒಣಗಿಸುವುದು, ಜರಡಿ ಹಿಡಿಯುವುದು ಹೇಗೆ ಎಂದು ನಿಮ್ಮ ಸಿಬ್ಬಂದಿಗೆ ತೋರಿಸಿಕೊಡಬೇಕಿದ್ದರೆ ನಾನು ಬರುತ್ತೇನೆ. ಅದಕ್ಕೆ ಸಂಬಳ ಬೇಡ.

ಇಂತಿ ತಮ್ಮ ವಿಶ್ವಾಸಿ,
ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ ಒಬ್ಬ ನಾಗರಿಕ